ಮಕ್ಕಳು ಮತ್ತು ಮನೆಗೆಲಸ: ಒಂದು ಹಿನ್ನೋಟ

ನಮ್ಮ ಶಾಲೆಯಲ್ಲಿ ಪೋಷಕರ ಸಭೆ ನಡೆದ ಒಂದು ಶನಿವಾರ ಇಬ್ಬರು ತಾಯಂದಿರು ಒಬ್ಬರ ಹಿಂದೊಬ್ಬರು ನನ್ನ ಮೇಜಿನ ಬಳಿ ಬಂದರು. ಮೊದಲನೆಯವರಿಗೆ ಎಂಟನೇ ತರಗತಿಯ ಮಗನ ಚಿಂತೆ. "ಆಪಾ, ಉಂಡ ತಟ್ಟೆ ಎತ್ತಿಡಲ್ಲ. ಕುಡಿಯೋ ನೀರಿಗೂ ಕೂತಲ್ಲಿಂದಲೇ ಕೂಗ್ತಾನೆ. ನೀವು ಹೇಳಿದ್ರೆ ಕೇಳ್ತಾನೆ, ಸ್ವಲ್ಪ ಬುದ್ಧಿ ಹೇಳಿ" ಎಂದರು. ಎರಡನೆಯವರನ್ನು ನಾನೇ ಹೇಳಿ ಕಳುಹಿಸಿ ಕರೆಸಿದ್ದೆ. ಆರನೇ ತರಗತಿಯಲ್ಲಿರುವ ಅವರ ಮಗಳು ವಾರಕ್ಕೆ ಎರಡು ದಿನ ಶಾಲೆಗೆ ಬರುತ್ತಿರಲಿಲ್ಲ. "ಏನ್ ಮಾಡ್ಲಿ ಆಪಾ, ಬೆಳಗ್ಗೆ ಟೊಮೆಟೊ ಮಂಡಿಗೆ ಕೂಲಿಗೆ ಹೋಗ್ತೀನಿ. ಚಿಕ್ಕದನ್ನು ನೋಡ್ಕೊಳ್ಳೋರು ಯಾರು?" ಎಂದರು. ಹುಡುಗಿಗೆ ಹತ್ತನೇ ತರಗತಿಯಲ್ಲಿ ಓದುವ ಅಣ್ಣನೊಬ್ಬನಿದ್ದಾನೆ. ಅವನ ಹಾಜರಾತಿಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಎರಡು ದೂರುಗಳೂ ಒಂದೇ ಬೇರಿನಿಂದ ಹುಟ್ಟಿದವು ಎಂದು ಅಂದು ಸಂಜೆ ಮನೆಗೆ ನಡೆದು ಬರುವಾಗ ನನಗೆ ಹೊಳೆಯಿತು. ನಮ್ಮ ಹಿರಿಯರನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ನಮ್ಮ ಕಾಲದಲ್ಲಿ ಮಕ್ಕಳು ಮನೆಗೆಲಸ ಕಲೀತಿದ್ರು, ಈಗ ಮೊಬೈಲ್ ಬಂದು ಎಲ್ಲ ಕೆಟ್ಟುಹೋಯ್ತು." ಈ ಮಾತು ಎಷ್ಟು ನಿಜ? ಆ ಕಾಲದಲ್ಲಿ ಯಾವ ಮಕ್ಕಳು, ಯಾವ ಕೆಲಸ, ಯಾರಿಂದ ಕಲಿತರು? ಇತಿಹಾಸದ ಪುಟಗಳನ್ನೂ ನಮ್ಮ ಮನೆಗಳ ನೆನಪುಗಳನ್ನೂ ಸ್ವಲ್ಪ ತಿರುವಿ ನೋಡೋಣ.

ಕೋಲಾರ ಜಿಲ್ಲೆಯ ಮಟ್ಟಿಗೆ ಈ ಕಥೆಯನ್ನು ರೇಷ್ಮೆಯಿಂದಲೇ ಆರಂಭಿಸಬೇಕು. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ಬೇಸಾಯಕ್ಕೆ ಬುನಾದಿ ಹಾಕಿದ್ದು ಎಲ್ಲರಿಗೂ ತಿಳಿದ ಸಂಗತಿ. ಹೊಳೆಯಿಲ್ಲದ, ಕೆರೆ ಬಾವಿಗಳನ್ನೇ ನಂಬಿದ ನಮ್ಮ ಸೀಮೆಗೆ ಆ ಬೆಳೆ ಚೆನ್ನಾಗಿ ಒಗ್ಗಿತು. ಹಿಂದೂ, ಮುಸ್ಲಿಂ ಎನ್ನದೆ ಸಾವಿರಾರು ಮನೆಗಳಲ್ಲಿ ಹುಳುವಿನ ಕೋಣೆಯೂ ಮಲಗುವ ಕೋಣೆಯೂ ಒಂದೇ ಆಗಿತ್ತು. ಹುಳು ಇದ್ದಷ್ಟು ದಿನ ಮನೆಯವರು ಪಡಸಾಲೆಯಲ್ಲಿ ಮಲಗುತ್ತಿದ್ದರು.

ನನ್ನ ನಾನಿಯ ಮನೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. 1990ರ ದಶಕದಲ್ಲಿ ಬೇಸಿಗೆ ರಜೆಗೆ ಹೋದಾಗ ನಾನು ಕಂಡ ಮನೆಗೆಲಸವೆಂದರೆ ಹುಳುವಿನ ಕೆಲಸವೇ. ಅಲ್ಲಿ ಯಾರೂ ಮಕ್ಕಳನ್ನು ಕೂರಿಸಿಕೊಂಡು ಕೆಲಸ ಕಲಿಸಲಿಲ್ಲ. ಆದರೂ ಪ್ರತಿ ವಯಸ್ಸಿಗೂ ಒಂದು ಕೆಲಸ ಗೊತ್ತಾಗಿತ್ತು. ಐದು ವರ್ಷದ ಮಗುವಿಗೆ ಪರದೆ ಕಾಯುವ ಕೆಲಸ: ಒಳಗೆ ಹೊರಗೆ ಓಡಾಡುವವರು ಬಾಗಿಲಿನ ಪರದೆ ಸರಿಯಾಗಿ ಎಳೆದರೇ ಎಂದು ನೋಡಬೇಕು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಒಳಗೆ ಹೊಕ್ಕರೆ ಬೆಳೆಯೇ ಹೋಯಿತು. ಏಳೆಂಟು ವರ್ಷದವರು ಸೊಪ್ಪಿನಲ್ಲಿ ಹಣ್ಣೆಲೆ, ಧೂಳಿನ ಎಲೆ ಆರಿಸಿ ತೆಗೆಯುತ್ತಿದ್ದರು. ಹತ್ತು ದಾಟಿದವರಿಗೆ ಚಾಕಿ ಹುಳುವಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚುವ ಕತ್ತಿ ಕೈಗೆ ಬರುತ್ತಿತ್ತು. ಅದೂ ನಾನಿ ಪಕ್ಕದಲ್ಲಿ ಕೂತಿರುವಾಗ ಮಾತ್ರ. ಇನ್ನೂ ದೊಡ್ಡವರು ತೋಟದಿಂದ ಸೊಪ್ಪು ಹೊತ್ತು ತರುತ್ತಿದ್ದರು, ತಟ್ಟೆಯ ಕಸ ತೆಗೆದು ಹುಳುವನ್ನು ಬೇರೆ ತಟ್ಟೆಗೆ ಬಿಡುತ್ತಿದ್ದರು.

ಓದುಗರಲ್ಲಿ ರೇಷ್ಮೆ ಮನೆ ನೋಡದವರಿಗಾಗಿ ಒಂದು ಮಾತು. ಹುಳು ತನ್ನ ಜೀವನದಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ 'ಜ್ವರ' ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಸದ್ದು ಮಾಡಬಾರದು ಎಂದು ನಾನಿ ಮಕ್ಕಳನ್ನೆಲ್ಲ ಅಂಗಳಕ್ಕೆ ಅಟ್ಟುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಇಡೀ ಬೆಳೆಯ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಖರ್ಚಾಗುತ್ತದೆ. ಆಗ ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಸಾವಿರಾರು ಹುಳು ಒಟ್ಟಿಗೆ ಮೇಯುವ ಆ ಸದ್ದು ಹಂಚಿನ ಮೇಲೆ ಸೋನೆ ಮಳೆ ಬಿದ್ದಂತೆ ಕೇಳುತ್ತದೆ. ಕೊನೆಗೆ ಹುಳು ಹಣ್ಣಾಗುತ್ತದೆ. ಮೈ ಹಳದಿಯಾಗಿ ಬೆಳಕಿಗೆ ಹಿಡಿದರೆ ತಿಳಿಯಾಗಿ ಕಾಣುತ್ತದೆ. ಹಣ್ಣು ಹುಳು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮನೆಗೆ ಹಬ್ಬ. ಆ ಕೆಲಸಕ್ಕೆ ಮಕ್ಕಳ ಕಣ್ಣೂ ಬೆರಳೂ ದೊಡ್ಡವರಿಗಿಂತ ಮೇಲು. ಮಾಮೂಜಾನ್ ಮಗನೂ ನಾನೂ ಪಂದ್ಯ ಕಟ್ಟಿ ಆರಿಸುತ್ತಿದ್ದೆವು. ಹಸಿ ಹುಳು ಹಾಕಿದರೆ ನಾನಿ ಬೈಯುತ್ತಿರಲಿಲ್ಲ. ಅದನ್ನು ಹಿಡಿದು ತೋರಿಸಿ, ಹಣ್ಣಾದದ್ದನ್ನು ಪಕ್ಕದಲ್ಲಿಟ್ಟು, "ನೋಡು" ಎನ್ನುತ್ತಿದ್ದಳು. ಬಿ.ಎಡ್. ಓದುವಾಗ ಬೋಧನಾ ವಿಧಾನಗಳ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದೆ. ಆ "ನೋಡು" ಎಂಬ ಮಾತನ್ನು ಮೀರಿದ್ದೇನೂ ನನಗೆ ಅವುಗಳಲ್ಲಿ ಕಾಣಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಿರಿಯರ ಮಾತೇ ಸರಿ ಎಂದಾಗುತ್ತದೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಹುಳು ಹಣ್ಣಾದ ದಿನ ಶಾಲೆ ಇದ್ದರೆ ಆ ಮನೆಯಲ್ಲಿ ಶಾಲೆ ತಪ್ಪುತ್ತಿದ್ದದ್ದು ನನ್ನ ಅಮ್ಮಿಗೆ. ಅವಳ ತಮ್ಮ, ನನ್ನ ಮಾಮೂಜಾನ್, ಎಸ್.ಎಸ್.ಎಲ್.ಸಿ. ಮುಗಿಸಿದರು. ಅಮ್ಮಿ ನಾಲ್ಕನೇ ತರಗತಿಗೆ ನಿಂತಳು. ಹುಳುವಿನ ಕೆಲಸ ಮುಗಿದ ಮೇಲೆ ಹುಡುಗರು ಆಟಕ್ಕೆ ಹೋಗುತ್ತಿದ್ದರು, ಹುಡುಗಿಯರು ಬಾವಿಗೆ. ಮನೆಯ ಕಸುಬಿನ ಕೆಲಸ ಎಲ್ಲರದು. ಕಸ, ಮುಸುರೆ, ನೀರು, ಒಲೆ ಮಾತ್ರ ಹುಡುಗಿಯರದು. ಹಿರಿಯರು ನೆನೆಯುವ ಆ ಹಳೆಯ ಕಾಲದಲ್ಲೂ ಹುಡುಗರು ಕಲಿತದ್ದು ಕಸುಬನ್ನೇ ಹೊರತು ಮನೆಗೆಲಸವನ್ನಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮನೆಯ ಕೆಲಸ ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಕಾನೂನು ಕೂಡ ಬಹಳ ಕಾಲ ಸ್ಪಷ್ಟವಾಗಿ ಎಳೆಯಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ಕಟ್ಟುವ ಕೆಲಸಕ್ಕೆ 14 ವರ್ಷದೊಳಗಿನವರನ್ನು ಹಚ್ಚಬಾರದು ಎಂದಿತು. ಆದರೆ ಮನೆಯ ಯಜಮಾನ ತನ್ನ ಕುಟುಂಬದವರ ನೆರವಿನಿಂದ ನಡೆಸುವ ಕೆಲಸಕ್ಕೆ ಈ ನಿಷೇಧವಿಲ್ಲ ಎಂದು ಅದೇ ಕಾಯ್ದೆ ವಿನಾಯಿತಿ ಕೊಟ್ಟಿತು. ಬೀಡಿ ಕಟ್ಟುವುದು ಬಹುತೇಕ ಮನೆಯೊಳಗೇ! ನಮ್ಮ ಬೀದಿಯಲ್ಲಿ ಮೊರದ ಮುಂದೆ ಕೂತು ಅಮ್ಮಂದಿರು ಬೀಡಿ ಸುತ್ತುತ್ತಿದ್ದರೆ ಪಕ್ಕದಲ್ಲಿ ಚಿಕ್ಕ ಹುಡುಗಿಯರು ಅದರ ಬಾಯಿ ಮಡಚುತ್ತಿದ್ದರು. ಕೇಳಿದರೆ "ಅಮ್ಮಂಗೆ ಸಹಾಯ ಮಾಡ್ತಿದ್ದೀನಿ" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲೂ 2003ರಲ್ಲೂ ವರದಿ ಮಾಡಿತು. ಬಿಸಿನೀರಿನ ಬಾಣಲೆಯಲ್ಲಿ ಕೈ ಅದ್ದಿ ಎಳೆ ತೆಗೆದು ಬೊಬ್ಬೆ ಎದ್ದ ಬೆರಳುಗಳು ನನ್ನ ನಾನಿಯ ಮನೆಯ ಪಂದ್ಯದ ಬೆರಳುಗಳಿಗೆ ದೂರದವಲ್ಲ. 2016ರ ತಿದ್ದುಪಡಿ 14ರೊಳಗಿನವರನ್ನು ಯಾವ ದುಡಿಮೆಗೂ ಹಚ್ಚಬಾರದು ಎಂದಿತು. ಅಪಾಯವಿಲ್ಲದ ಕೆಲಸದಲ್ಲಿ, ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ ಮಗು ತನ್ನ ಮನೆಯವರಿಗೆ ನೆರವಾಗಬಹುದು. ಆದರೆ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿಯುವ ಆರನೇ ತರಗತಿಯ ಹುಡುಗಿಯನ್ನು ಬಾಲಕಾರ್ಮಿಕಳು ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಇನ್ನು ಪುಸ್ತಕಗಳ ಕಡೆಗೆ ಬರೋಣ. ಮನೆಗೆಲಸವನ್ನು ಒಂದು ವಿದ್ಯೆ ಎಂದು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಉರ್ದು ಲೇಖಕರ ಸ್ಥಾನ ದೊಡ್ಡದು. ಡೆಪ್ಯುಟಿ ನಜೀರ್ ಅಹ್ಮದ್ ಅವರ 'ಮಿರಾತುಲ್ ಉರೂಸ್' 1869ರಲ್ಲಿ ಪ್ರಕಟವಾಯಿತು. ಉರ್ದುವಿನ ಮೊದಲ ಕಾದಂಬರಿ ಎಂದು ಅದನ್ನು ನಾವು ಪಾಠ ಮಾಡುತ್ತೇವೆ. ಅಕ್ಬರಿ, ಅಸ್ಗರಿ ಎಂಬ ದೆಹಲಿಯ ಇಬ್ಬರು ಅಕ್ಕತಂಗಿಯರು ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗುತ್ತಾರೆ. ಅಕ್ಬರಿ ನಾನಿಯ ಮುದ್ದಿನಲ್ಲಿ ಕೆಟ್ಟವಳು. ಕೈಗೆ ಕೆಲಸ ಅಂಟಿಸಿಕೊಳ್ಳಲಿಲ್ಲ, ಸಂಸಾರ ಕೆಡಿಸಿಕೊಂಡಳು. (ಎಲ್ಲ ನಾನಿಯರೂ ಹಾಗಲ್ಲ ಎಂಬುದನ್ನು ಮೇಲೆ ಹೇಳಿದ್ದೇನೆ.) ಅಸ್ಗರಿ ಲೆಕ್ಕ ಬರೆಯಬಲ್ಲಳು, ಕಾಗದ ಬರೆಯಬಲ್ಲಳು, ಮನೆ ನಡೆಸಬಲ್ಲಳು. ಕದಿಯುವ ಕೆಲಸದಾಕೆಯನ್ನು ಹಿಡಿದು ಮನೆಯ ಸಾಲ ತೀರಿಸುತ್ತಾಳೆ, ಮೊಹಲ್ಲಾದ ಹುಡುಗಿಯರಿಗೆ ಶಾಲೆ ತೆರೆಯುತ್ತಾಳೆ. ಓದು ಬೇರೆ, ಮನೆಗೆಲಸ ಬೇರೆ ಎನ್ನುತ್ತಿದ್ದ ಕಾಲದಲ್ಲಿ ಎರಡನ್ನೂ ಒಬ್ಬಳ ಕೈಯಲ್ಲಿಟ್ಟದ್ದು ನಜೀರ್ ಅಹ್ಮದ್ ಅವರ ದೊಡ್ಡತನ. ಸರ್ಕಾರ ಅದಕ್ಕೆ ಬಹುಮಾನ ಕೊಟ್ಟಿತು. ವರದಕ್ಷಿಣೆಯ ಸಾಮಾನಿನ ಜೊತೆ ಆ ಪುಸ್ತಕವನ್ನೂ ಇಟ್ಟು ಕಳುಹಿಸುವ ರೂಢಿ ಬಂತು.

ಆದರೆ ಆ ಪುಸ್ತಕ ಹುಟ್ಟಿದ ಬಗೆಯಲ್ಲೇ ಒಂದು ಪಾಠವಿದೆ. ನಜೀರ್ ಅಹ್ಮದ್ ತಮ್ಮ ಮಕ್ಕಳಿಗೆ ಓದಲು ತಕ್ಕ ಪುಸ್ತಕ ಸಿಗದೆ ತಾವೇ ಬರೆಯತೊಡಗಿದವರು. ದೊಡ್ಡ ಮಗಳಿಗೆ ಬರೆದದ್ದು 'ಮಿರಾತುಲ್ ಉರೂಸ್', ಮಗ ಬಶೀರನಿಗೆ ಬರೆದದ್ದು 'ಚಂದ್ ಪಂದ್' ಎಂಬ ಬುದ್ಧಿಮಾತುಗಳ ಪುಸ್ತಕ. ಮಗಳಿಗೆ ಮನೆ, ಮಗನಿಗೆ ಲೋಕ. ಕಾದಂಬರಿಯ ಒಳಗೂ ಹಾಗೆಯೇ. ಅಸ್ಗರಿಯ ಗಂಡ ಮುಹಮ್ಮದ್ ಕಾಮಿಲ್‌ನನ್ನು ಹೆಂಡತಿಯೇ ತಿದ್ದಿ ನೌಕರಿಯ ದಾರಿಗೆ ಹಚ್ಚಬೇಕಾಗುತ್ತದೆ. ಅವನಿಗೆ ಮನೆಗೆಲಸ ಕಲಿಸಬೇಕಿತ್ತು ಎಂದು ಕಥೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ.

20ನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿ ಅವರ 'ಬಹಿಶ್ತಿ ಜೇವರ್' ಬಂತು. ಅಕ್ಷರ ಕಲಿಕೆಯಿಂದ ಹಿಡಿದು ಮಸಲೆಗಳು, ಕಾಗದ ಬರೆಯುವ ಕ್ರಮ, ಮನೆಮದ್ದು, ಅಡಿಗೆ, ಸಾಬೂನು ಮಾಡುವ ವಿಧಾನದವರೆಗೆ ಎಲ್ಲವೂ ಅದರಲ್ಲಿದೆ. ನಮ್ಮ ದಾದಿಯ ಟ್ರಂಕಿನಲ್ಲಿ ಹೊದಿಕೆ ಹರಿದ ಒಂದು ಪ್ರತಿ ಇತ್ತು. ಅದೂ ಹೆಣ್ಣುಮಕ್ಕಳಿಗಾಗಿ ಬರೆದದ್ದೇ. ಗಂಡಸರಿಗಾಗಿ ಆಮೇಲೆ ಸೇರಿಸಿದ 'ಬಹಿಶ್ತಿ ಗೌಹರ್' ಭಾಗ ಜುಮ್ಮಾ ನಮಾಜು ಮುಂತಾದ ಧಾರ್ಮಿಕ ವಿಷಯಗಳಿಗೆ ಮೀಸಲಾಯಿತು, ಅಡಿಗೆ ಮನೆ ಅದಕ್ಕೆ ಸೇರಲಿಲ್ಲ. ಪ್ರವಾದಿಯವರು (ಸ) ಮನೆಯಲ್ಲಿರುವಾಗ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹಜ್ರತ್ ಆಯಿಶಾ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಜಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು ಎಂಬ ಅರ್ಥದ ಉತ್ತರ ಕೊಟ್ಟದ್ದು ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಮೀಲಾದ್ ಭಾಷಣಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಭಾಷಣ ಕೇಳಿ ಮನೆಗೆ ಬಂದ ಯಾವ ತಂದೆಯೂ ಮಗನ ಕೈಗೆ ಪೊರಕೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹುಡುಗ, ಹುಡುಗಿ ಇಬ್ಬರ ಕೈಗೂ ಕೆಲಸ ಕೊಡುವ ದೊಡ್ಡ ಯೋಜನೆ ನಮ್ಮ ದೇಶದಲ್ಲಿ ತಯಾರಾದದ್ದು 1937ರಲ್ಲಿ. ಆ ವರ್ಷದ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಅಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾದವರು ಜಾಮಿಯಾ ಮಿಲ್ಲಿಯಾದ ಮುಖ್ಯಸ್ಥರಾಗಿದ್ದ ಡಾ. ಜಾಕಿರ್ ಹುಸೇನ್. ನಮ್ಮ ಉರ್ದು ಮಕ್ಕಳಿಗೆ 'ಅಬ್ಬೂ ಖಾನ್ ಕೀ ಬಕ್ರಿ' ಕಥೆಯಿಂದ ಪರಿಚಿತರಾದವರು, 1967ರಲ್ಲಿ ರಾಷ್ಟ್ರಪತಿಗಳಾದವರು. ಡಿಸೆಂಬರ್‌ನಲ್ಲೇ ಸಮಿತಿ ವರದಿ ಕೊಟ್ಟಿತು. 7ರಿಂದ 14 ವರ್ಷದವರೆಗೆ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕೈಕಸುಬನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಕಲಿಸುವುದು. ನೂಲುವ ಮಗು ಎಳೆಯ ಉದ್ದ ಅಳೆಯುತ್ತಾ ಲೆಕ್ಕ ಕಲಿಯುತ್ತದೆ, ಹತ್ತಿ ಬೆಳೆಯುವ ಮಣ್ಣನ್ನು ತಿಳಿಯುತ್ತಾ ಭೂಗೋಳ ಕಲಿಯುತ್ತದೆ. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ಹುಟ್ಟಿಸುವ ಆತುರದಲ್ಲಿ ಕಲಿಕೆ ಹಿಂದೆ ಬೀಳಬಾರದು ಎಂಬ ಎಚ್ಚರಿಕೆಯೂ ಆ ವರದಿಯಲ್ಲಿತ್ತು.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಅಂಶ. ಐದನೇ ತರಗತಿಯವರೆಗೆ ಹುಡುಗ ಹುಡುಗಿಯರಿಗೆ ಒಂದೇ ಪಠ್ಯ. ಆಮೇಲೆ ಹುಡುಗಿಯರು ಕೈಕಸುಬಿನ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬಹುದು. ಹುಡುಗರಿಗೆ ಆ ಅವಕಾಶದ ಮಾತಿಲ್ಲ. ಜಾಕಿರ್ ಸಾಹೇಬರಂಥವರ ಸಮಿತಿಯೂ ಅಡಿಗೆ ಮನೆಯ ಹೊಸ್ತಿಲ ಬಳಿ ಬಂದು ನಿಂತಿತು. ಅವರನ್ನು ದೂರುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಆ ಹೊಸ್ತಿಲು ಎಷ್ಟು ಎತ್ತರವಾಗಿತ್ತು ಎಂದು ತೋರಿಸಲು ಹೇಳುತ್ತಿದ್ದೇನೆ. ಯೋಜನೆಗೆ ಮುಸ್ಲಿಂ ಲೀಗಿನ ವಿರೋಧ ಬಂತು, ಮುಂದೆ ಯುದ್ಧ ಬಂತು. ಸ್ವಾತಂತ್ರ್ಯಾನಂತರ ಮೂಲ ಶಿಕ್ಷಣದ ಶಾಲೆಗಳು ತೆರೆದರೂ, ಬರೆಯುವ ಕೆಲಸವೇ ನೌಕರಿ ತರುತ್ತದೆ ಎಂದು ಕಂಡುಕೊಂಡ ಪೋಷಕರು ಅವುಗಳನ್ನು ಒಪ್ಪಲಿಲ್ಲ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1960ರ ದಶಕದಲ್ಲಿ ಹಂಸಾ ಮೆಹ್ತಾ ಸಮಿತಿ ಹುಡುಗರಿಗೊಂದು ಹುಡುಗಿಯರಿಗೊಂದು ಪಠ್ಯ ಬೇಡ ಎಂದಿತು. 1964–66ರ ಕೊಠಾರಿ ಆಯೋಗ ಅದನ್ನು ಒಪ್ಪಿ 'ಕಾರ್ಯಾನುಭವ'ವನ್ನು ಸೇರಿಸಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯಿಂದ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಬಂತು. ನಾನು ಓದುವಾಗ ಆ ಪೀರಿಯಡ್ ಬಂದರೆ ಹುಡುಗರು ಗಿಡಗಳಿಗೆ ಪಾತಿ ಮಾಡುತ್ತಿದ್ದರು, ನಾವು ಕೋಣೆ ಗುಡಿಸಿ ಕರವಸ್ತ್ರಕ್ಕೆ ಹೂ ಹಾಕುತ್ತಿದ್ದೆವು. ಪರೀಕ್ಷೆ ಹತ್ತಿರವಾದರೆ ಅದು ಗಣಿತದ ಪೀರಿಯಡ್ ಆಗುತ್ತಿತ್ತು.

ಕೆಲಸ ಕಲಿಸುವ ಮಾತೆತ್ತುವ ಶಿಕ್ಷಕಿಯಾಗಿ ನಾನು ಮರೆಯಲಾಗದ, ಮರೆಯಬಾರದ ಒಂದು ಘಟನೆ ನಮ್ಮ ಜಿಲ್ಲೆಯಲ್ಲೇ ನಡೆಯಿತು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸಂಗತಿ ಹೊರಬಿತ್ತು. ಪ್ರಾಂಶುಪಾಲರೂ ಶಿಕ್ಷಕರೊಬ್ಬರೂ ಬಂಧನಕ್ಕೊಳಗಾದರು. ಆ ವಾರ ನಮ್ಮ ಶಿಕ್ಷಕರ ಕೋಣೆಯಲ್ಲಿ ಒಬ್ಬರು, "ಜಪಾನಿನಲ್ಲಿ ಮಕ್ಕಳೇ ಶಾಲೆ ತೊಳೆಯುತ್ತಾರಂತೆ, ಇಲ್ಲಿ ಮಾಡಿಸಿದರೆ ಅಪರಾಧ" ಎಂದರು. ಜಪಾನಿನ ಶಾಲೆಗಳಲ್ಲಿ ದಿನಕ್ಕಿಷ್ಟು ಹೊತ್ತು ಮಕ್ಕಳು ತರಗತಿ, ಕಾರಿಡಾರು ಒರೆಸುವುದು ನಿಜ. ಅಲ್ಲಿ ಸರದಿಯಿದೆ, ಡಾಕ್ಟರ ಮಗನಿಗೂ ಅಂಗಡಿಯವನ ಮಗನಿಗೂ ಅದೇ ಬಟ್ಟೆ, ಶಿಕ್ಷಕರೂ ಜೊತೆಗೆ ಬಾಗುತ್ತಾರೆ. ಮಾಲೂರಿನಲ್ಲಿ ಯಾರನ್ನು ಇಳಿಸಿದರು ಎಂಬುದರಲ್ಲೇ ಎಲ್ಲವೂ ಇದೆ. ನಮ್ಮಲ್ಲಿ ಯಾವ ಕೆಲಸ ಯಾರದು ಎಂದು ಹುಟ್ಟುವ ಮೊದಲೇ ಬರೆದಿಟ್ಟಿರುವಾಗ, ಕೆಲಸ ಕಲಿಸುತ್ತೇನೆ ಎನ್ನುವವರು ಮೊದಲು ಸರದಿಯ ಪಟ್ಟಿ ತೋರಿಸಬೇಕು. ಹುಟ್ಟಿನ ಲೆಕ್ಕದಲ್ಲಿ ಕೆಲಸ ಹಂಚುವ ಈ ಬುದ್ಧಿ ಜಾತಿಗೆ ಮಾತ್ರ ಸೇರಿದ್ದಲ್ಲ, ಅಣ್ಣತಂಗಿಯರ ನಡುವೆಯೂ ಅದೇ ಕೆಲಸ ಮಾಡುತ್ತದೆ.

ಅದಕ್ಕೆ ಅಂಕಿಅಂಶ ಬೇಕಾದರೆ 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆ ನೋಡಬಹುದು. ಆರು ವರ್ಷ ಮೇಲ್ಪಟ್ಟವರಲ್ಲಿ, ಸಂಬಳವಿಲ್ಲದ ಮನೆಗೆಲಸವನ್ನು ದಿನದಲ್ಲಿ ಒಮ್ಮೆಯಾದರೂ ಮಾಡಿದವರು ಹೆಂಗಸರು, ಹುಡುಗಿಯರಲ್ಲಿ ಶೇ. 81.2; ಗಂಡಸರು, ಹುಡುಗರಲ್ಲಿ ಶೇ. 26.1. ಮಾಡಿದವರು ಕಳೆದ ಸಮಯ ಸರಾಸರಿ ಅವರದು 299 ನಿಮಿಷ, ಇವರದು 97 ನಿಮಿಷ. ಆರು ವರ್ಷದಿಂದಲೇ ಲೆಕ್ಕ ಹಿಡಿದಿದ್ದಾರೆ ಎಂಬುದನ್ನು ಗಮನಿಸಿ. ನೆರೆಯ ಕೇರಳದಲ್ಲಿ 2024ರಲ್ಲಿ ಮೂರನೇ ತರಗತಿಯ ಹೊಸ ಪಠ್ಯಪುಸ್ತಕದಲ್ಲಿ ತಂದೆ ಅಡಿಗೆ ಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕಾಯಿ ತುರಿಯುವುದು ಸುದ್ದಿಯಾಗುವಷ್ಟು ದೂರದಲ್ಲಿ ನಾವು ಇನ್ನೂ ಇದ್ದೇವೆ.

ಮತ್ತೆ ಆ ಇಬ್ಬರು ತಾಯಂದಿರ ವಿಷಯಕ್ಕೆ ಬರುತ್ತೇನೆ. ಎಂಟನೇ ತರಗತಿಯ ಹುಡುಗನಿಗೆ ನಾನು ಬುದ್ಧಿ ಹೇಳಲಿಲ್ಲ. ಬುದ್ಧಿಮಾತಿನ ಪುಸ್ತಕಗಳ ಗತಿ ಮೇಲೆ ನೋಡಿದೆವಲ್ಲ. ಇಡೀ ತರಗತಿಗೆ ಕನ್ನಡ ಪ್ರಬಂಧ ಕೊಟ್ಟೆ: ಬೆಳಿಗ್ಗೆ ಎದ್ದಾಗಿನಿಂದ ಶಾಲೆಗೆ ಬರುವವರೆಗೆ ನಿಮ್ಮ ಮನೆಯಲ್ಲಿ ಯಾರು ಯಾರು ಏನೇನು ಮಾಡಿದರು, ಕ್ರಮವಾಗಿ ಬರೆಯಿರಿ. ಹುಡುಗಿಯರು ಪುಟ ತಿರುವಿದರು. ಹುಡುಗರ ಪೆನ್ನು ಐದಾರು ಸಾಲಿಗೇ ನಿಂತಿತು. ಆ ಹುಡುಗ ಎದ್ದು ನಿಂತು, "ಆಪಾ, ನಾನು ಏಳೋ ಹೊತ್ತಿಗೆ ಎಲ್ಲ ಆಗಿಹೋಗಿರುತ್ತೆ. ನಾನು ನೋಡಿಲ್ಲ" ಎಂದ. ನಾಳೆ ಬೇಗ ಎದ್ದು ನೋಡಿ ಬಂದು ಬರಿ ಎಂದೆ. ಮರುದಿನ ಎರಡು ಪುಟ ಬರೆದು ತಂದ. ನಲ್ಲಿ ನೀರು ಬರುವ ಗಂಟೆ, ಅಮ್ಮ ತುಂಬಿದ ಬಿಂದಿಗೆಗಳ ಲೆಕ್ಕ, ಅಕ್ಕ ಕಸ ಗುಡಿಸುವಾಗ ಕೆಮ್ಮಿದ್ದು, ಎಲ್ಲವೂ ಇತ್ತು. ಕೊನೆಯ ಸಾಲಿನಲ್ಲಿ, ಸುಮ್ಮನೆ ನಿಂತು ನೋಡಲು ನಾಚಿಕೆಯಾಗಿ ಎರಡು ಬಿಂದಿಗೆ ತಾನು ತಂದೆನೆಂದೂ ಒಂದರಲ್ಲಿ ಅರ್ಧ ನೀರು ಚೆಲ್ಲಿತೆಂದೂ ಬರೆದಿದ್ದ.

ಎರಡನೆಯ ಮನೆಯದು ಇಷ್ಟು ಸುಲಭವಾಗಲಿಲ್ಲ. ನಾನೇ ಅವರ ಮನೆಗೆ ಹೋದೆ. ಕೂಲಿ ಬಿಡಿ ಎಂದು ತಾಯಿಗೆ ಹೇಳುವ ಹಕ್ಕು ನನಗಿರಲಿಲ್ಲ. ಅಂಗನವಾಡಿಗೆ ಮಗುವನ್ನು ಬೆಳಿಗ್ಗೆ ಬಿಡುವ ಕೆಲಸ ಯಾರು ಮಾಡಬಹುದು ಎಂದು ಮಾತ್ರ ಕೇಳಿದೆ. ಹತ್ತನೇ ತರಗತಿಯ ಅಣ್ಣ ತಲೆ ತಗ್ಗಿಸಿ ಕೂತಿದ್ದ. "ಗೆಳೆಯರು ನಗ್ತಾರೆ" ಎಂದ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಮೂರು ದಿನ ಅವನು, ಮೂರು ದಿನ ನಾನು" ಎಂದರು. ತಮಗೆ ಈ ಕೆಲಸ ಗೊತ್ತಿಲ್ಲ, ಮಗುವಿಗೆ ಮುಖ ತೊಳೆಸುವುದು ಹೇಗೆಂದು ಮಗಳೇ ಹೇಳಿಕೊಡಲಿ ಎಂದೂ ಸೇರಿಸಿದರು. ಹುಡುಗಿ ಬಾಗಿಲ ಹಿಂದೆ ನಿಂತು ನಗುತ್ತಿದ್ದಳು. ಆ ತಿಂಗಳ ಹಾಜರಾತಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದೇ ಒಂದು ಗೈರು ಇತ್ತು, ಅದೂ ಜ್ವರ ಬಂದ ದಿನದ್ದು.